ಮಕ್ಕಳ ಕೈಯ ಫೋನು ಮತ್ತು ಕಾಲೇಜಿನ ಗೆಳೆಯರ ಗುಂಪು

(ಸುಳ್ಳ ಗ್ರಾಮದಲ್ಲಿ ಕಾಲೇಜು ವಿದ್ಯಾರ್ಥಿಗಳ ಪಾಲಕರ ಮುಂದೆ ಮಾಡಿದ ಭಾಷಣ)



ಮುಂಗಾರಿ ಹೆಸರಿನ ರಾಶಿ ಮುಗಿಸಿ, ಹಿಂಗಾರಿ ಕಡಲೆ-ಜೋಳಕ್ಕೆ ಹೊಲ ಹದಗೊಳಿಸುವ ಈ ಗಡಿಬಿಡಿಯ ದಿನಗಳಲ್ಲಿ ತಾವೆಲ್ಲ ಒಂದು ಸಂಜೆ ಬಿಡುವು ಮಾಡಿಕೊಂಡು ಇಲ್ಲಿ ಕೂಡಿದ್ದೀರಿ. ಬೀಜ, ಗೊಬ್ಬರ, ಬಿತ್ತಿಗೆಗಳ ವಿಷಯ ಹೇಳಲು ನಾನು ಬಂದವನಲ್ಲ. ಆ ವಿಷಯದಲ್ಲಿ ತಾವೇ ನನಗೆ ಹೇಳಿಕೊಡಬೇಕಾದವರು. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಷಯದ ಪಾಠ ಹೇಳುವವನು. ಸುಳ್ಳ, ಬ್ಯಾಹಟ್ಟಿ, ಕುಸುಗಲ್ಲ, ಹೆಬಸೂರ, ಕಿರೇಸೂರ ಮೊದಲಾದ ಊರುಗಳಿಂದ ಬರುವ ಮಕ್ಕಳು ನನ್ನ ವರ್ಗದಲ್ಲಿ ಕುಳಿತುಕೊಳ್ಳುತ್ತಾರೆ. ಆ ಮಕ್ಕಳ ಸಲುವಾಗಿ ತಮ್ಮ ಮುಂದೆ ನಾಲ್ಕು ಮಾತು ಆಡುವದಿದೆ.

ಪಾಲಕರು ಕಾಲೇಜಿಗೆ ಬಂದಾಗಲೆಲ್ಲ ನಾನು ಕೇಳುವ ದೂರು ಒಂದೇ. "ಸರ್, ನಮ್ಮ ಹುಡುಗ ಮನಿಗೆ ಬಂದಕೂಡ್ಲೆ ಆ ಫೋನಿನ್ಯಾಗ ಮುಖಾ ಹಾಕ್ಕೊಂಡು ಕುಂದರತಾನ್ರಿ. ಕೇಳಿದ್ರ ಕಾಲೇಜಿನ ಗ್ರೂಪು ಅಂತಾನ. ಅಭ್ಯಾಸಾನೋ ಆಟಾನೋ ನಮಗೇನು ತಿಳಿಯೂದಿಲ್ರಿ" ಎನ್ನುತ್ತಾರೆ. ಈ ದೂರಿನಲ್ಲಿ ಹುರುಳಿದೆ. ಆದರೆ ಹುಡುಗ ಹೇಳುವದೂ ಪೂರ್ತಿ ಸುಳ್ಳಲ್ಲ. ಕಾಲೇಜಿನ ಗುಂಪು ಎಂಬುದು ನಿಜವಾಗಿಯೂ ಇದೆ. ಅದು ಏನು, ಅದರಿಂದ ಯಾರಿಗೆ ಲಾಭ, ಎಲ್ಲಿ ಹಾನಿ, ಅದರಲ್ಲಿ ತಂದೆ-ತಾಯಿಗಳ ಪಾತ್ರವೇನು ಎಂಬುದನ್ನು ತಿಳಿಯುವದು ಇಂದು ಅವಶ್ಯವಾಗಿದೆ.

ವರ್ಗವೆಂದರೇನು?

ನಮ್ಮ ಊರಿನ ಮಗು ಹತ್ತನೆಯ ಇಯತ್ತೆಯವರೆಗೆ ಗುರುತಿನವರ ನಡುವೆ ಕಲಿಯುತ್ತದೆ. ಮಾಸ್ತರರಿಗೆ ಅದರ ಅಪ್ಪನ ಹೆಸರು ಗೊತ್ತು; ಬಾಜೂ ಕುಳಿತವನು ಓಣಿಯ ಗೆಳೆಯ. ಅದೇ ಮಗು ಹುಬ್ಬಳ್ಳಿಯ ಕಾಲೇಜಿಗೆ ಬಂದ ದಿನ ಎಲ್ಲವೂ ಹೊಸದು. ವರ್ಗದಲ್ಲಿ ಅರವತ್ತು-ಎಪ್ಪತ್ತು ಜನ. ಕನ್ನಡದಲ್ಲಿ ಓದಿ ಬಂದ ಪಾಠಗಳು ಇಲ್ಲಿ ಇಂಗ್ಲಿಷಿನಲ್ಲಿ. ಪೇಟೆಯ ಹುಡುಗರು ಮುಂದಿನ ಬಾಕಿನಲ್ಲಿ ಕುಳಿತು ಪಟಪಟನೆ ಉತ್ತರ ಹೇಳುತ್ತಾರೆ. ನಮ್ಮ ಮಗು ಹಿಂದಿನ ಬಾಕಿನಲ್ಲಿ ಕುಳಿತು, ತಿಳಿಯದಿದ್ದರೂ ಕೇಳದೆ, ಮಧ್ಯಾಹ್ನದ ಬಸ್ಸಿಗೆ ಓಡುತ್ತದೆ. ಆರು ತಿಂಗಳಾದರೂ ಪಕ್ಕದವನ ಹೆಸರು ಗೊತ್ತಿರುವದಿಲ್ಲ.

ಇಂಥ ಮಗು ಕಾಲೇಜು ಬಿಟ್ಟರೆ ನಾವು "ಅಭ್ಯಾಸ ತಲೆಗೆ ಹತ್ತಲಿಲ್ಲ" ಎಂದುಬಿಡುತ್ತೇವೆ. ಅಮೇರಿಕದ ವಿನ್ಸೆಂಟ್ ಟಿಂಟೊ ಎಂಬ ವಿದ್ವಾಂಸರು ವಿದ್ಯಾರ್ಥಿಗಳು ಕಾಲೇಜು ಬಿಡುವ ಕಾರಣಗಳನ್ನು ಬಹುಕಾಲ ಅಭ್ಯಸಿಸಿ, ೧೯೭೫ರಲ್ಲಿ ಒಂದು ಪ್ರಬಂಧವನ್ನೂ ೧೯೮೭ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು. ಅವರ ವಿಚಾರದ ಸಾರ ಇಷ್ಟು: ವಿದ್ಯಾರ್ಥಿಯು ಕಾಲೇಜಿನಲ್ಲಿ ನಿಲ್ಲಬೇಕಾದರೆ ಎರಡು ಬೇರುಗಳು ಇಳಿಯಬೇಕು. ಒಂದು ಪಾಠದ ಬೇರು. ಇನ್ನೊಂದು ಜನರ ಬೇರು. ಗೆಳೆಯರು, ಗುರುಗಳು, "ನಾನೂ ಇಲ್ಲಿಯವನು" ಎಂಬ ಭಾವನೆ ಇದ್ದಲ್ಲಿ ಕಡಿಮೆ ಗುಣ ಬಂದ ವಿದ್ಯಾರ್ಥಿಯೂ ಹಟ ಹಿಡಿದು ಮುಂದೆ ಹೋಗುತ್ತಾನೆ. ಅದು ಇಲ್ಲದಲ್ಲಿ ಜಾಣನೂ ಬಿಟ್ಟು ಹೋಗಬಹುದು. ಎರಿ ಭೂಮಿಯಲ್ಲಿ ಬಿತ್ತಿದ ಕಡಲೆ ಮಳೆಯಿಲ್ಲದೆಯೂ ಬೆಳೆಯುವದು ಬೇರು ಆಳದ ಹಸಿಯನ್ನು ಮುಟ್ಟಿದಾಗ ಮಾತ್ರ. ಇದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಈ ಬೇರು ಹೇಗೆ ಇಳಿಯುತ್ತಿತ್ತು?

ನಮ್ಮ ಭಾಗದಲ್ಲಿ ಉಚ್ಚ ಶಿಕ್ಷಣವು ಹೊಸದಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ೧೯೧೭ರಲ್ಲಿ ಆರಂಭವಾಯಿತು. ಹುಬ್ಬಳ್ಳಿಯ ಬಿ.ವಿ.ಬಿ. ಇಂಜನಿಯರಿಂಗ ಕಾಲೇಜು ೧೯೪೭ರದು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಸ್ಥಾಪನೆಯಾಯಿತು. ಆ ಕಾಲದಲ್ಲಿ ಹಳ್ಳಿಯ ಬಡ ಹುಡುಗನು ಕಾಲೇಜಿಗೆ ಬಂದರೆ ಮಠದ ಪ್ರಸಾದನಿಲಯವೇ ಅವನ ಮನೆ. ಧಾರವಾಡದ ಮುರುಘಾಮಠದ ಪ್ರಸಾದನಿಲಯವನ್ನು ಪೂಜ್ಯ ಮೃತ್ಯುಂಜಯ ಸ್ವಾಮಿಗಳು ನಡೆಸಿದ ರೀತಿಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಒಂದೇ ಪಂಕ್ತಿಯಲ್ಲಿ ಊಟ, ಒಂದೇ ದೀಪದ ಕೆಳಗೆ ಓದು. ತಿಳಿಯದ ಲೆಕ್ಕವನ್ನು ಮುಂದಿನ ವರ್ಗದವನು ಹೇಳಿಕೊಡುತ್ತಿದ್ದನು. ಅಲ್ಲಿ ಗೆಳೆತನಕ್ಕೆ ಬೇರೆ ಏರ್ಪಾಡು ಬೇಕಾಗಿರಲಿಲ್ಲ.

ಇನ್ನೊಂದು ನಿದರ್ಶನ ಧಾರವಾಡದ್ದೇ. ೧೯೨೦ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಎಂಬ ಬಳಗ ಕೂಡಿತು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರು ಅದರಲ್ಲಿದ್ದರು. ಒಬ್ಬರು ಬರೆದುದನ್ನು ಇನ್ನೊಬ್ಬರು ಕೇಳುವದು, ತಿದ್ದುವದು, ಬೆನ್ನು ತಟ್ಟುವದು ಅಲ್ಲಿಯ ಪದ್ಧತಿ. ಆ ಗುಂಪಿನಿಂದ ಕನ್ನಡ ಸಾಹಿತ್ಯಕ್ಕೆ ದೊರೆತ ಫಲ ಎಲ್ಲರಿಗೂ ತಿಳಿದಿದೆ. ಇಂದು ಮಕ್ಕಳು "ಗ್ರೂಪು" ಎನ್ನುವಾಗ ನನಗೆ ಈ ಹಳೆಯ ಕನ್ನಡ ಹೆಸರೇ ನೆನಪಾಗುತ್ತದೆ.

ಇಂದಿನ ಸ್ಥಿತಿ ಬೇರೆ. ಬಸ್ಸಿನ ಅನುಕೂಲ ಹೆಚ್ಚಿದ್ದರಿಂದ ಮಕ್ಕಳು ಮನೆಯಿಂದಲೇ ಹೋಗಿಬರುತ್ತಾರೆ. ೧೧ ಜೂನ್ ೨೦೨೩ ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ದಿನವೂ ಹೋಗಿಬರುವದು ಅವರಿಗೆ ಇನ್ನೂ ಸುಲಭವಾಯಿತು. ಇದು ಒಳ್ಳೆಯದೇ. ಮನೆಯ ಊಟ, ಮನೆಯವರ ಕಣ್ಣು, ಖರ್ಚಿನಲ್ಲಿ ಉಳಿತಾಯ. ಆದರೆ ಸಂಜೆ ಕೂಡಿ ಕೂಡ್ರುವ ಹೊತ್ತು ಹೋಯಿತು. ಆ ಹೊತ್ತಿನ ಸ್ವಲ್ಪ ಭಾಗವನ್ನಾದರೂ ಫೋನಿನ ಮೇಲೆ ತಿರುಗಿ ಕಟ್ಟಲು ಸಾಧ್ಯವೇ ಎಂಬುದೇ ಇಂದಿನ ಪ್ರಶ್ನೆ.

ಈ ಸಾಧನ ಹುಟ್ಟಿದ್ದು ಎಲ್ಲಿ?

ಫೇಸ್‌ಬುಕ್ ಎಂಬ ಜಾಲತಾಣವು ೨೦೦೪ರ ಫೆಬ್ರುವರಿಯಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಮೊದಲು ಅದು ಅಲ್ಲಿಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಗುರುತಿಸುವದಕ್ಕಾಗಿಯೇ ಇತ್ತು, ಹೊರಗಿನವರಿಗೆ ಪ್ರವೇಶವಿರಲಿಲ್ಲ. ವಾಟ್ಸ್‌ಆಪ್ ೨೦೦೯ರಲ್ಲಿ ಬಂದಿತು. ನಮ್ಮ ಮಕ್ಕಳ ವರ್ಗಗಳಿಗೆ ಅದು ಕಾಲಿಟ್ಟುದು ಹೆಚ್ಚಾಗಿ ೨೦೨೦ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಕೊರೋನಾ ರೋಗದ ಭೀತಿಯಿಂದ ಸಾಲಿ-ಕಾಲೇಜುಗಳು ಮುಚ್ಚಿದವು. ರಾಜ್ಯದ ಪದವಿ ಕಾಲೇಜುಗಳು ತಿರುಗಿ ತೆರೆದುದು ೧೭ ನವೆಂಬರ್ ೨೦೨೦ ರಂದು. ನಡುವಿನ ತಿಂಗಳುಗಳಲ್ಲಿ ಪಾಠವೆಲ್ಲ ಫೋನಿನಲ್ಲಿ. ರೇಂಜು ಸಿಗಲೆಂದು ಮಾಳಿಗೆ ಹತ್ತಿ ಕುಳಿತ ಮಕ್ಕಳನ್ನು ತಾವೂ ನೋಡಿದ್ದೀರಿ. ಕಾಲೇಜು ತೆರೆದ ಮೇಲೆ ಪಾಠ ವರ್ಗಕ್ಕೆ ಮರಳಿತು. ಗುಂಪು ಮಾತ್ರ ಫೋನಿನಲ್ಲಿಯೇ ಉಳಿಯಿತು.

ರೇಡಿಯೊ ಕಲಿಸಿದ ಪಾಠ

ಫೋನು ಕೈಗೆ ಬಂದ ಮಾತ್ರಕ್ಕೆ ಕಲಿಕೆ ಆಗುವದಿಲ್ಲ. ಇದಕ್ಕೆ ಒಕ್ಕಲಿಗರ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ಸಾಕ್ಷಿಯಿದೆ.

ಆಕಾಶವಾಣಿಯ ಧಾರವಾಡ ಕೇಂದ್ರವು ೮ ಜನವರಿ ೧೯೫೦ ರಂದು ಆರಂಭವಾಯಿತು. ಸಮುದಾಯ ವಿಕಾಸ ಯೋಜನೆಯು ೨ ಅಕ್ಟೋಬರ್ ೧೯೫೨ ರಂದು ದೇಶದಲ್ಲಿ ಕಾಲಿಟ್ಟಿತು. ಹಳ್ಳಿಗೊಂದು ರೇಡಿಯೊ ಪೆಟ್ಟಿಗೆ ಕೊಟ್ಟರೆ ಸಾಕು, ಹೊಸ ಒಕ್ಕಲುತನದ ಜ್ಞಾನ ಹರಡುತ್ತದೆ ಎಂದು ಕೆಲವರು ತಿಳಿದಿದ್ದರು. ಅದನ್ನು ಪರೀಕ್ಷಿಸಲು ೧೯೫೬ರ ಮೊದಲ ತಿಂಗಳುಗಳಲ್ಲಿ ಆಕಾಶವಾಣಿಯು ಯುನೆಸ್ಕೋ ಸಂಸ್ಥೆಯ ಸಹಾಯದಿಂದ ಪುಣೆ ಕೇಂದ್ರದ ಮೂಲಕ ಒಂದು ಪ್ರಯೋಗ ನಡೆಸಿತು. ಆಗ ನಮ್ಮ ಧಾರವಾಡ ಜಿಲ್ಲೆಯೂ ಅದೇ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣವಾದುದು ಅದೇ ವರ್ಷದ ನವೆಂಬರ್ ೧ ರಂದು. ಐದು ಜಿಲ್ಲೆಗಳಲ್ಲಿ ಸುಮಾರು ೧೫೦ ಹಳ್ಳಿಗಳನ್ನು ಆರಿಸಿ, ಪ್ರತಿಯೊಂದರಲ್ಲಿ ರೈತರ ಒಂದು ರೇಡಿಯೊ ಗೋಷ್ಠಿಯನ್ನು ಕಟ್ಟಿದರು. ವಾರಕ್ಕೆ ಎರಡು ಸಲದಂತೆ ಹತ್ತು ವಾರ ಕಾರ್ಯಕ್ರಮ ಪ್ರಸಾರವಾಯಿತು. ರೈತರು ಕೂಡಿ ಕೇಳುವದು, ಕೇಳಿದ ಮೇಲೆ ಚರ್ಚಿಸುವದು, ತಮ್ಮ ಸಂದೇಹಗಳನ್ನು ಬರೆದು ಆಕಾಶವಾಣಿಗೆ ಕಳಿಸುವದು, ಅದಕ್ಕೆ ಮುಂದೆ ಉತ್ತರ ಪಡೆಯುವದು, ಇದು ಕ್ರಮ.

ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಇದರ ಫಲವನ್ನು ಅಳೆದರು. ರೇಡಿಯೊ ಇಲ್ಲದ ಹಳ್ಳಿ, ರೇಡಿಯೊ ಇದ್ದರೂ ಗೋಷ್ಠಿ ಇಲ್ಲದ ಹಳ್ಳಿ, ಗೋಷ್ಠಿ ಇರುವ ಹಳ್ಳಿ, ಈ ಮೂರನ್ನೂ ಹೋಲಿಸಿ ನೋಡಿದರು. ಗೋಷ್ಠಿಯ ಹಳ್ಳಿಗಳಲ್ಲಿ ಜ್ಞಾನ ಬಹಳ ಹೆಚ್ಚಿತ್ತು; ಬರಿ ರೇಡಿಯೊ ಇದ್ದ ಹಳ್ಳಿಗಳಲ್ಲಿ ಹೆಚ್ಚಿದ್ದು ಅಲ್ಪ. ಪೆಟ್ಟಿಗೆ ಎರಡೂ ಕಡೆಗೆ ಒಂದೇ. ವ್ಯತ್ಯಾಸ ಮಾಡಿದ್ದು ಕೂಡಿ ಕುಳಿತು ಆಡಿದ ಮಾತು. ಫೋನಿಗೂ ಇದೇ ನ್ಯಾಯ. ಮಗನು ಒಬ್ಬನೇ ಮೂಲೆಯಲ್ಲಿ ಕುಳಿತು ಚಿತ್ರ ನೋಡಿದರೆ ಅದು ಗೋಷ್ಠಿಯಿಲ್ಲದ ರೇಡಿಯೊ. ಗೆಳೆಯರೊಡನೆ ಒಂದು ಪ್ರಶ್ನೆಯನ್ನು ಹಿಡಿದು ಚರ್ಚಿಸಿದರೆ ಅದು ಗೋಷ್ಠಿ.

ವರ್ಗದ ಗುಂಪನ್ನು ನಡೆಸುವ ಬಗೆ

ಗುಂಪು ಹೇಗೆ ನಡೆಯುತ್ತದೆಂಬುದನ್ನು ನನ್ನ ವರ್ಗದ ರೂಢಿಯಿಂದಲೇ ಹೇಳುತ್ತೇನೆ. ವರ್ಗದ ಆರಂಭದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಪರಿಚಯವನ್ನು ನಾಲ್ಕು ಸಾಲಿನಲ್ಲಿ ಕಳಿಸಬೇಕು. ಯಾವ ಬೆಳೆ, ಯಾವ ಜಾತ್ರೆ, ಯಾವ ಬಸ್ಸಿಗೆ ಬರುವದು. ಇದು ಸಣ್ಣ ಕೆಲಸ. ಆದರೆ ಒಂದೇ ಬಸ್ಸಿನಲ್ಲಿ ದಿನವೂ ಬರುತ್ತಿದ್ದ ನಾಲ್ವರು ತಾವು ಒಂದೇ ವರ್ಗದವರೆಂದು ಅರಿತುಕೊಂಡುದು ಈ ಪರಿಚಯದಿಂದಲೇ.

ಸಂಜೆ ಏಳು ಗಂಟೆಗೆ ನಾನು ಒಂದು ಪ್ರಶ್ನೆ ಹಾಕುತ್ತೇನೆ. ಉತ್ತರವನ್ನು ಕನ್ನಡದಲ್ಲಿಯಾಗಲಿ ಇಂಗ್ಲಿಷಿನಲ್ಲಿಯಾಗಲಿ, ಬರೆದಾಗಲಿ ಧ್ವನಿಯಲ್ಲಾಗಲಿ ಕಳಿಸಬಹುದು. ಮೊದಲು ಗೆಳೆಯರೇ ಉತ್ತರಿಸಬೇಕು. ಎಂಟು ಗಂಟೆಗೆ ನಾನು ತಿದ್ದುತ್ತೇನೆ. ಅಲ್ಲಿಗೆ ಗುಂಪಿನ ಬಾಗಿಲು ಮುಚ್ಚಿತು. ಒಮ್ಮೆ, "ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಕಾಳು ಮಾರಿದಾಗ ಅಡತಿ ಅಂಗಡಿಯವರು ಕೊಡುವ ಪಟ್ಟಿಯಲ್ಲಿ ಏನೇನು ಬರೆದಿರುತ್ತದೆ?" ಎಂದು ಕೇಳಿದೆನು. ಪೇಟೆಯ ಮಕ್ಕಳಿಗೆ ಉತ್ತರ ಹೊಳೆಯಲಿಲ್ಲ. ಹಳ್ಳಿಯ ಮಕ್ಕಳು ಅಪ್ಪನನ್ನು ಕೇಳಿ, ಹೆಸರು ಮರೆಮಾಡಿ, ಹಳೆಯ ಪಟ್ಟಿಗಳ ಚಿತ್ರ ಕಳಿಸಿದರು. ತೂಕ, ದರ, ಹಮಾಲಿ, ಕೈಗೆ ಬಂದ ಹಣ ಎಲ್ಲವೂ ಅದರಲ್ಲಿತ್ತು. ಮರುದಿನ ಜಮಾ-ಖರ್ಚಿನ ಪಾಠ ಆ ಪಟ್ಟಿಗಳಿಂದಲೇ ನಡೆಯಿತು. ಹಿಂದಿನ ಬಾಕಿನ ಹುಡುಗ ಎದ್ದು ನಿಂತು ಮುಂದಿನ ಬಾಕಿನವರಿಗೆ ಹೇಳಿಕೊಟ್ಟನು.

ಇದರಲ್ಲಿರುವ ಮುಖ್ಯ ಲಾಭವನ್ನು ತಾವು ಗಮನಿಸಬೇಕು. ನಮ್ಮ ಮಕ್ಕಳಿಗೆ ತಿಳಿದಿರುವದು ಏನೂ ಇಲ್ಲ ಎಂಬ ಅಳುಕು ಅವರನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ತನ್ನ ಮನೆಯ ಅನುಭವಕ್ಕೂ ವರ್ಗದಲ್ಲಿ ಬೆಲೆಯಿದೆ ಎಂದು ತಿಳಿದ ಕ್ಷಣ ಆ ಅಳುಕು ಹಿಂಗುತ್ತದೆ. ನೂರು ಕಣ್ಣುಗಳ ಮುಂದೆ ಬಾಯಿ ಬಿಡಲು ನಾಚುವ ಮಗು ಮೊದಲು ಧ್ವನಿಯಲ್ಲಿ ಒಂದು ಉತ್ತರ ಕಳಿಸುತ್ತದೆ. ಗೆಳೆಯರು ಅದನ್ನು ಮೆಚ್ಚಿದರೆ ಮುಂದಿನ ತಿಂಗಳು ವರ್ಗದಲ್ಲಿಯೇ ಕೈ ಎತ್ತುತ್ತದೆ.

ಗುಂಪಿನಿಂದ ಇನ್ನೂ ಕೆಲವು ಉಪಯೋಗಗಳಿವೆ. ಬಿತ್ತಿಗೆಯ ದಿನ ಮನೆಯಲ್ಲಿ ನಿಂತ ಹುಡುಗನಿಗೆ ಆ ದಿನದ ಟಿಪ್ಪಣಿ ಸಿಗುತ್ತದೆ. ಬಸ್ಸು ತಪ್ಪಿದರೆ ವರ್ಗಕ್ಕೆ ಸುದ್ದಿ ಮುಟ್ಟುತ್ತದೆ. ಶಿಷ್ಯವೇತನದ ಅರ್ಜಿಯ ಕೊನೆಯ ದಿನ, ಬೇಕಾದ ಕಾಗದಪತ್ರ ತಿಳಿಯುತ್ತವೆ. ೨೦೨೧ರಲ್ಲಿ ರಾಜ್ಯ ಸರ್ಕಾರವು ರೈತರ ಮಕ್ಕಳಿಗಾಗಿ ‘ರೈತ ವಿದ್ಯಾನಿಧಿ’ ಎಂಬ ಶಿಷ್ಯವೇತನವನ್ನು ಆರಂಭಿಸಿದಾಗ ಎಷ್ಟೋ ಮನೆಗಳಿಗೆ ಆ ಸುದ್ದಿ ಮುಟ್ಟಿದ್ದು ಮಕ್ಕಳ ಫೋನಿನಿಂದಲೇ. ಯಾವ ವರ್ಷ ಯಾವ ಸಹಾಯ ದೊರೆಯುತ್ತದೆಂಬುದನ್ನು ಮಾತ್ರ ಕಾಲೇಜಿನ ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಗುರುಗಳಿಗೂ ಇಂಥ ಬಳಗದಿಂದ ಉಪಯೋಗವಾಗಿದೆ. ೨೦೧೧ರಿಂದ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಹೆಸರಿನಿಂದ ಗಣಕಯಂತ್ರದ ಮೂಲಕ ಕೂಡಿಕೊಂಡು ಪಾಠದ ಸಾಹಿತ್ಯವನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. ದೂರದ ಹಳ್ಳಿಯಲ್ಲಿ ಒಬ್ಬಂಟಿಯಾಗಿ ಗಣಿತ ಕಲಿಸುವ ಮಾಸ್ತರರಿಗೆ ಅದರಿಂದ ರಾಜ್ಯದ ತುಂಬ ಗೆಳೆಯರು ದೊರೆತರು.

ಫೋನಿಲ್ಲದ ಮಗು

ಈಗ ಈ ಮಾತಿನ ಕಠಿಣ ಭಾಗಕ್ಕೆ ಬರುತ್ತೇನೆ. ಎಲ್ಲ ಮಕ್ಕಳ ಕೈಯಲ್ಲಿ ಫೋನು ಇರುವದಿಲ್ಲ. ಇದ್ದ ಒಂದು ಫೋನು ಅಣ್ಣನ ಸಂಗಡ ಹೊಲಕ್ಕೆ ಹೋಗಿರುತ್ತದೆ. ಹೆಣ್ಣುಮಗಳ ಕೈಗೆ ಅದು ಸಿಗುವದು ರಾತ್ರಿ, ಸಿಕ್ಕರೆ.

ಹೆಸರು-ಊರು ಹೇಳುವದು ಬೇಡ. ಈ ಸೀಮೆಯ ಒಬ್ಬ ರೈತನ ಮಗಳು. ತನ್ನ ಊರ ಸಾಲಿಗೆ ಮೊದಲಿಗಳಾಗಿ ಬಂದವಳು. ಪರೀಕ್ಷೆಯ ಅರ್ಜಿ ತುಂಬುವ ದಿನಾಂಕ ಮುಂಚೆ ಬಂದಿದೆ ಎಂಬ ಸೂಚನೆಯನ್ನು ಕಚೇರಿಯವರು ಫೋನಿನಲ್ಲಿ ಮಾತ್ರ ಕಳಿಸಿದರು, ಹಲಗೆಗೆ ಹಚ್ಚಲಿಲ್ಲ. ಅವಳಿಗೆ ಗೊತ್ತಾಗಲಿಲ್ಲ. ದಿನ ದಾಟಿ ದಂಡ ಬಿದ್ದಿತು. ಅವಳ ತಂದೆ ಕಾಲೇಜಿಗೆ ಬಂದು, "ಸಾಕ್ರಿ ಸರ್, ಇನ್ನ ಮನಿಯಾಗ ಇರಲಿ. ಒಂದು ಒಳ್ಳೆ ಮನೆತನಾನೂ ಬಂದೈತಿ" ಎಂದರು. ದಂಡದ ರೂಪಾಯಿ ದೊಡ್ಡದಾಗಿರಲಿಲ್ಲ. ಮಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ ಎಂಬ ನೋವು ಅವರಿಗೆ ದೊಡ್ಡದಾಗಿತ್ತು.

ಆ ದಿನ ಅವಳ ಬಸ್ಸಿನ ಗೆಳತಿಯರಿಬ್ಬರು ಮುಂದೆ ಬಂದರು. "ಕಾಕಾ, ಇನ್ನ ಮ್ಯಾಲೆ ಗುಂಪಿನ್ಯಾಗ ಬಂದದ್ದೆಲ್ಲಾ ನಾವು ಅಕೀಗೆ ಹೇಳತೀವಿ. ಒಂದೂ ಬಿಡೂದಿಲ್ಲ" ಎಂದರು. ವರ್ಗದವರು ಕೂಡಿ ಅಂದೇ ಮೂರು ನಿಯಮ ಮಾಡಿಕೊಂಡರು. ಮೊದಲನೆಯದು, ಫೋನಿನಲ್ಲಿ ಬಂದ ಪ್ರತಿ ಸೂಚನೆ ಹಲಗೆಯ ಮೇಲೂ ಬರಬೇಕು. ಎರಡನೆಯದು, ಫೋನಿಲ್ಲದ ಪ್ರತಿಯೊಬ್ಬರಿಗೆ ಅದೇ ದಾರಿಯ ಒಬ್ಬ ಜೋಡಿ ಇರಬೇಕು. ಮೂರನೆಯದು, ಸಂಜೆಯ ಪ್ರಶ್ನೆ-ಉತ್ತರಗಳನ್ನು ಮರುದಿನ ಮುಂಜಾನೆ ಮೊದಲ ಐದು ನಿಮಿಷ ವರ್ಗದಲ್ಲಿ ಓದಬೇಕು. ಫೋನಿಲ್ಲದವರು ಆಗ ತಮ್ಮ ಉತ್ತರ ಹೇಳಬೇಕು.

ಆ ತಂದೆ ಒಂದು ವಾರ ವಿಚಾರ ಮಾಡಿ ಮಗಳನ್ನು ಕಳಿಸಿದರು. ಅವಳು ಈಗ ಎರಡನೆಯ ವರ್ಷದಲ್ಲಿದ್ದಾಳೆ. ಇಂದಿಗೂ ಅವಳ ಬಳಿ ಸ್ವಂತ ಫೋನಿಲ್ಲ. ಆದರೆ ವರ್ಗದ ಗುಂಪಿನಲ್ಲಿ ಅವಳಿಗಿಂತ ಹೆಚ್ಚು ಗುರುತಿನವರು ಬೇರೆ ಇಲ್ಲ. ಗುಂಪು ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಬೇಕಾದರೆ ಫೋನಿಲ್ಲದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ಕಳೆಯ ಮಾತು

ಹದವಾದ ಹೊಲದಲ್ಲಿ ಬೆಳೆಯ ಸಂಗಡ ಕಳೆಯೂ ಹುಲುಸಾಗಿ ಏಳುತ್ತದೆ. ಎಡೆ ಹೊಡೆಯದಿದ್ದರೆ ಅದು ಬೆಳೆಯನ್ನು ನುಂಗುತ್ತದೆ. ಗುಂಪಿನ ಕಳೆಗಳನ್ನೂ ತಾವು ತಿಳಿದಿರಬೇಕು.

ಮೊದಲನೆಯ ಕಳೆ ಗಾಳಿಸುದ್ದಿ. ೨೦೧೮ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಬೀದರ ಜಿಲ್ಲೆಯಲ್ಲಿಯೇ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆಪ್ ಸುದ್ದಿಯನ್ನು ನಂಬಿದ ಜನರ ಗುಂಪು ಹೈದರಾಬಾದಿನ ಒಬ್ಬ ತರುಣ ಇಂಜನಿಯರನನ್ನು ಬಡಿದು ಕೊಂದಿತು. ಅದೇ ತಿಂಗಳು ವಾಟ್ಸ್‌ಆಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಮುಂದೆ ಕಳಿಸುವಂತೆ ಮಿತಿ ಹಾಕಿತು. ಖಾತ್ರಿಯಿಲ್ಲದ ಸುದ್ದಿಯನ್ನು ಮುಂದೆ ಕಳಿಸದಿರುವದನ್ನು ಮಕ್ಕಳು ಮಾತ್ರವಲ್ಲ, ನಾವು ಹಿರಿಯರೂ ಕಲಿಯಬೇಕು.

ಎರಡನೆಯದು, ಹೆಣ್ಣುಮಕ್ಕಳ ನಂಬರು. ಸಾಧಾರಣ ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಈ ಬಗ್ಗೆ ತಂದೆ-ತಾಯಿಗಳಿಗಿರುವ ಚಿಂತೆ ನ್ಯಾಯವಾದದ್ದು. ಇದಕ್ಕೆ ಉಪಾಯಗಳಿವೆ. ಟೆಲಿಗ್ರಾಂನಲ್ಲಿ ನಂಬರು ಮರೆಮಾಡಬಹುದು. ವಾಟ್ಸ್‌ಆಪ್‌ನಲ್ಲಿ ನಮ್ಮನ್ನು ಯಾರು ಗುಂಪಿಗೆ ಸೇರಿಸಬಹುದೆಂಬುದನ್ನು ನಾವೇ ಗೊತ್ತುಮಾಡಬಹುದು. ಬೇಡದ ಸಂದೇಶ ಬಂದರೆ ಅಳಿಸಬಾರದು. ಅದನ್ನು ಹಾಗೆಯೇ ಇಟ್ಟು ಗುರುಗಳಿಗೆ ತೋರಿಸಬೇಕು, ಅವಶ್ಯವಿದ್ದರೆ ಪೊಲೀಸರಿಗೂ.

ಮೂರನೆಯದು, ಮೇಲಿನ ವರ್ಗದವರ ಕಾಟ. ಇದು ಫೋನಿನ ಮೂಲಕ ನಡೆದರೂ ರ‍್ಯಾಗಿಂಗೇ. ಇದನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೦೯ರಲ್ಲಿ ನಿಯಮಗಳನ್ನು ಮಾಡಿದೆ. ದೂರು ಹೇಳಲು ೧೮೦೦-೧೮೦-೫೫೨೨ ಎಂಬ ಉಚಿತ ನಂಬರಿದೆ. ಫೋನಿನ ಮೂಲಕ ಹಣದ ಮೋಸವಾದರೆ ತಡಮಾಡದೆ ೧೯೩೦ ಕ್ಕೆ ತಿಳಿಸಬೇಕು.

ನಾಲ್ಕನೆಯದು ಎಲ್ಲಕ್ಕೂ ಕೆಟ್ಟದು. ವರ್ಗದ ಒಂದು ಗುಂಪು ಒಡೆದು ಜಾತಿಗೊಂದು, ಓಣಿಗೊಂದು, ಪಕ್ಷಕ್ಕೊಂದು ಗುಂಪಾಗುವದು. ಅಲ್ಲಿ ಗುರುಗಳಿಲ್ಲ, ಹಿರಿಯರಿಲ್ಲ. ಒಬ್ಬರನ್ನು ಹೊರಗಿಟ್ಟು ಉಳಿದವರು ನಗುವದೇ ಅಲ್ಲಿಯ ಕೆಲಸ. ಒಂದೇ ಪಂಕ್ತಿಯಲ್ಲಿ ಉಂಡು ಕಲಿತ ಹಿರಿಯರ ನಾಡಿನಲ್ಲಿ ಹೀಗಾಗಬಾರದು.

ಪಾಲಕರು ಮಾಡಬೇಕಾದುದು

ಫೋನು ಕಸಿದುಕೊಳ್ಳುವದು ಸುಲಭದ ದಾರಿ. ಆದರೆ ಅದರಿಂದ ಮಗು ವರ್ಗದಿಂದ ದೂರವಾಗುತ್ತದೆ. ಸುಮ್ಮನೆ ಕೊಟ್ಟುಬಿಡುವದೂ ತಪ್ಪು. ಅದಕ್ಕಾಗಿ ಈ ಕೆಲವು ಸೂಚನೆಗಳು:

೧. ಮಗನಿಗಾಗಲಿ ಮಗಳಿಗಾಗಲಿ, "ಇವತ್ತು ಗುಂಪಿನ್ಯಾಗ ಏನು ಕೇಳ್ಯಾರ?" ಎಂದು ದಿನಕ್ಕೊಮ್ಮೆ ಕೇಳಿರಿ. ಓದಿ ಹೇಳಲಿ. ತಮಗೆ ತಿಳಿದ ಉತ್ತರವಿದ್ದರೆ ಹೇಳಿರಿ. ತಾವೂ ಆ ಗೋಷ್ಠಿಯವರೇ.

೨. ಮನೆಯಲ್ಲಿ ಒಂದೇ ಫೋನಿದ್ದರೆ ಸಂಜೆ ಒಂದು ತಾಸು ಕಾಲೇಜಿನ ಮಗುವಿಗೆ ಮೀಸಲಿಡಿರಿ. ಮಗ-ಮಗಳು ಎಂಬ ಭೇದ ಬೇಡ.

೩. ನಡುಮನೆಯಲ್ಲಿ ಎಲ್ಲರ ನಡುವೆ ಕುಳಿತು ಫೋನು ನೋಡುವ ರೂಢಿ ಹಾಕಿರಿ. ಮಲಗುವ ಹೊತ್ತಿಗೆ ಎಲ್ಲರ ಫೋನೂ ಒಂದು ಕಡೆಗೆ ಇರಲಿ. ಹಿರಿಯರು ಮೊದಲು ಇಟ್ಟರೆ ಮಕ್ಕಳು ಇಡುತ್ತಾರೆ.

೪. ವರ್ಷಕ್ಕೆ ಎರಡು ಸಲವಾದರೂ ಕಾಲೇಜಿಗೆ ಬನ್ನಿರಿ. ಗುಂಪಿನಲ್ಲಿ ಯಾವ ಗುರುಗಳಿದ್ದಾರೆ, ಹೆಣ್ಣುಮಕ್ಕಳ ನಂಬರಿಗೆ ಏನು ರಕ್ಷಣೆಯಿದೆ, ಸೂಚನೆಗಳು ಹಲಗೆಯ ಮೇಲೂ ಬರುತ್ತವೆಯೇ ಎಂದು ಧೈರ್ಯವಾಗಿ ಕೇಳಿರಿ. ಕೇಳುವದು ತಮ್ಮ ಹಕ್ಕು.

೫. ಮಗು ಬೇಡದ ಸಂದೇಶವೊಂದನ್ನು ತಂದು ತೋರಿಸಿದರೆ ಅದನ್ನೇ ಬಯ್ಯಬೇಡಿರಿ. ಇಂದು ಬಯ್ದರೆ ನಾಳೆ ಅದು ತೋರಿಸುವದಿಲ್ಲ.

ಊರು ಮಾಡಬಹುದಾದುದು

ಮನೆಯಿಂದ ಆಗದ ಕೆಲಸ ಊರಿನಿಂದ ಆಗುತ್ತದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಗಣಕಯಂತ್ರ, ಇಂಟರ್‌ನೆಟ್ಟಿನ ಅನುಕೂಲವಿದ್ದಲ್ಲಿ ಸಂಜೆಯ ಹೊತ್ತು ಅದು ತೆರೆದಿರುವಂತೆ ಪಂಚಾಯತಿಯವರಿಗೆ ಕೇಳಿಕೊಳ್ಳಬಹುದು. ಫೋನಿಲ್ಲದ ಮಕ್ಕಳು ಅಲ್ಲಿ ಕುಳಿತು ತಮ್ಮ ವರ್ಗದ ಸಂಗಡ ಇರಬಹುದು.

ಎರಡನೆಯದಾಗಿ, ಈ ಊರಿನಿಂದ ಹುಬ್ಬಳ್ಳಿ-ಧಾರವಾಡಗಳ ಕಾಲೇಜುಗಳಿಗೆ ಹೋಗುವ ಮಕ್ಕಳೆಲ್ಲರೂ ತಿಂಗಳಿಗೊಂದು ರವಿವಾರ ಸಾಲಿಯಲ್ಲಿ ಕೂಡಲಿ. ಮುಂದಿನ ವರ್ಷದವರು ಹೊಸಬರಿಗೆ ಹಳೆಯ ಪುಸ್ತಕ ಕೊಡಲಿ, ಕಾಲೇಜಿನ ರೀತಿ-ನೀತಿ ಹೇಳಲಿ. ಮುಖ ನೋಡಿ ಮಾತಾಡಿದವರ ನಡುವೆಯೇ ಫೋನಿನ ಮಾತಿಗೂ ತೂಕ ಬರುತ್ತದೆ. ಕಾಲೇಜಿನಲ್ಲಿ ಕಲಿತು ನೌಕರಿ ಹಿಡಿದ ಊರಿನ ಹಿರಿಯ ಮಕ್ಕಳನ್ನೂ ಕರೆಯಿರಿ. ಪ್ರಸಾದನಿಲಯದ ಒಂದು ದೀಪವನ್ನು ಊರಲ್ಲಿಯೇ ಹಚ್ಚಿದಂತಾಗುತ್ತದೆ.

ಸುಗ್ಗಿಯಲ್ಲಿ ತಾವು ಮುಯ್ಯಾಳು ಮಾಡುತ್ತೀರಿ. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಅದರಲ್ಲಿ ಕೂಲಿಯ ಲೆಕ್ಕವಿಲ್ಲ, ನಂಬಿಗೆಯ ಲೆಕ್ಕವಿದೆ. ವರ್ಗದ ಗುಂಪೂ ಅಂಥ ಮುಯ್ಯಾಳೇ ಆಗಬೇಕು. ಒಬ್ಬನಿಗೆ ತಿಳಿದುದು ಹತ್ತು ಜನರಿಗೆ, ಹತ್ತು ಜನರಿಗೆ ತಿಳಿದುದು ಹಿಂದುಳಿದ ಒಬ್ಬನಿಗೆ. ಈ ಪದ್ಧತಿ ತಮ್ಮದು. ಮಕ್ಕಳ ಕೈಯಲ್ಲಿ ಹೊಸ ಸಾಧನವಿದೆ. ಅದಕ್ಕೆ ಈ ಹಳೆಯ ಪದ್ಧತಿಯನ್ನು ಕಲಿಸಿಕೊಡುವವರು ತಾವು.

ಈ ಹಿಂಗಾರಿಯಲ್ಲಿ ಯಾವ ಮನೆಯ ಮಗುವೂ, ಅದರಲ್ಲಿಯೂ ಹೆಣ್ಣುಮಗು, ಒಂದು ಸೂಚನೆ ತಪ್ಪಿತೆಂದು, ಒಬ್ಬ ಗೆಳತಿ ಇಲ್ಲವೆಂದು ಕಾಲೇಜು ಬಿಡಬಾರದು ಎಂದು ತಮ್ಮಲ್ಲಿ ವಿನಂತಿಸುತ್ತೇನೆ.